ಕಾವಲು ನಾಯಿಗಳನ್ನು ಚಿರತೆಯಿಂದ ಕಾಪಾಡುವ ಕ್ರಮ

ಬೆಂಗಳೂರಿನ ಸುತ್ತಲಿರುವ ಆನೇಕಲ್, ಹೊಸಕೋಟೆ, ನೆಲಮಂಗಲ ಮುಂತಾದ ತಾಲ್ಲೂಕುಗಳಲ್ಲಿ ನಾಯಿಯಿಲ್ಲದ ತೋಟದ ಮನೆ ಬಹಳ ವಿರಳ. ಕಣದಲ್ಲಿ ರಾಗಿ ಬಿದ್ದಿರುವಾಗಲೂ, ಕೊಟ್ಟಿಗೆಯಲ್ಲಿ ಕರೆಯುವ ಹಸುಗಳಿರುವಾಗಲೂ, ತೋಟದಲ್ಲಿ ದ್ರಾಕ್ಷಿ ಹಣ್ಣಾಗಿರುವಾಗಲೂ ಯಜಮಾನನು ಕಣ್ಣು ಮುಚ್ಚಿದ ಮೇಲೆ ಎಚ್ಚರವಾಗಿರುವ ಪ್ರಾಣಿ ಇದೊಂದೇ. ಹೀಗಿದ್ದರೂ ಎತ್ತಿಗೆ ಕೊಟ್ಟಿಗೆಯನ್ನೂ ಕೋಳಿಗೆ ಗೂಡನ್ನೂ ಕಟ್ಟುವ ರೈತನು ನಾಯಿಗೆ ಮಾತ್ರ ಯಾವ ಆಶ್ರಯವನ್ನೂ ಕಲ್ಪಿಸದೆ, ರಾತ್ರಿಯೆಲ್ಲಾ ಅಂಗಳದ ಗೂಟಕ್ಕೆ ಸರಪಣಿಯಿಂದ ಬಿಗಿದಿಡುವುದು ರೂಢಿಯಾಗಿದೆ. ಚಿರತೆಯ ಸಂಚಾರವಿರುವ ಊರಿನಲ್ಲಿ ಹೀಗೆ ಕಟ್ಟಿದ ನಾಯಿಯು ಮನೆಯನ್ನು ಕಾಯುವುದಿಲ್ಲ. ಬೋನಿನೊಳಗೆ ಕಟ್ಟಿದ ಕುರಿಯು ಮಾಡುವ ಕೆಲಸವನ್ನು ಅದು ಅಂಗಳದಲ್ಲಿ ಮಾಡುತ್ತದೆ.

ಹಿಂದೆ ಈ ಪ್ರಾಂತದಲ್ಲಿ ನಾಯಿಗಳನ್ನು ಬೇಟೆಗಾಗಿಯೂ ಸಾಕುತ್ತಿದ್ದರು. ಚಳಿಗಾಲದಲ್ಲಿ ಕೆರೆಗಳಿಗೆ ಇಳಿಯುವ ಬಾತುಗಳನ್ನು ಹೊಡೆಯುವುದಕ್ಕೆ ದಂಡಿನ ದೊರೆಗಳು ಬಂದೂಕು ಹಿಡಿದು ಬರುತ್ತಿದ್ದ ಕಾಲವೊಂದಿತ್ತು; ಬಿದ್ದ ಹಕ್ಕಿಯನ್ನು ನೀರಿನಿಂದ ಎತ್ತಿ ತರುವುದು ನಾಯಿಯ ಕೆಲಸವಾಗಿತ್ತು. ಹಳ್ಳಿಗರು ಮೊಲದ ಬೇಟೆಗೂ ಹಂದಿಯ ಬೇಟೆಗೂ ನಾಯಿಗಳ ಹಿಂಡನ್ನೇ ಕರೆದೊಯ್ಯುತ್ತಿದ್ದರು. ೧೯೭೨ ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, ಬೇಟೆಯ ಲೈಸೆನ್ಸುಗಳನ್ನು ತೆಗೆದುಹಾಕಿದ ೧೯೯೧ ರ ತಿದ್ದುಪಡಿಯೂ ಬಂದ ಮೇಲೆ ಆ ಕಾಲ ಮುಗಿಯಿತು. ಈಗ ಮೊಲದ ಹಿಂದೆ ನಾಯಿ ಬಿಡುವುದು ವಿನೋದವಲ್ಲ, ಅಪರಾಧ. ಆದರೂ ಮುಸ್ಸಂಜೆಯಲ್ಲಿ ನಾಯಿಗಳನ್ನು ಪೊದೆಗೆ ನುಗ್ಗಿಸುವ ಚಪಲ ಕೆಲವು ಊರುಗಳ ಹುಡುಗರಲ್ಲಿ ಉಳಿದುಕೊಂಡಿದೆ. ಹಾಗೆ ನುಗ್ಗಿದ ನಾಯಿಗಳಲ್ಲಿ ಒಂದು ಹಿಂತಿರುಗದಿದ್ದರೆ ಅದನ್ನು ಹುಡುಕಿಕೊಂಡು ಕತ್ತಲೆಯಲ್ಲಿ ಒಳಹೋಗುವವರು ಆ ಹುಡುಗರೇ ಎಂಬುದನ್ನು ಹಿರಿಯರು ನೆನಪಿಡತಕ್ಕದ್ದು. ನೀರಿನಲ್ಲಿ ನಾಯಿಯನ್ನು ಹಿಡಿಯುವ ಮೊಸಳೆಯ ಭಯ ಕಾವೇರಿ, ಕಾಳಿ ಮುಂತಾದ ನದಿಗಳ ದಡದವರಿಗೆ ಸೇರಿದ್ದು. ಬೆಂಗಳೂರಿನ ಹೊರವಲಯದ ರೈತನಿಗೆ ನೆಲದ ಮೇಲಿನ ಶತ್ರುವೇ ಸಾಕಾಗಿದೆ.

ಚಿರತೆಯು ಇಲ್ಲಿಗೆ ಬರುವ ಕಾರಣ

ವೈಟ್‌ಫೀಲ್ಡ್ ೧೮೮೨ ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ವ್ಯವಸಾಯದ ವಸಾಹತಾಗಿ ಆರಂಭವಾದ ಊರು. ಎಲೆಕ್ಟ್ರಾನಿಕ್ ಸಿಟಿಯು ೧೯೭೮ ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ಸ್ಥಾಪಿತವಾಯಿತು. ಪೀಣ್ಯದ ಕೈಗಾರಿಕಾ ಪ್ರದೇಶವೂ ಆ ದಶಕದ್ದೇ. ಪೇಟೆ ಇಷ್ಟು ಬೆಳೆದ ಮೇಲೆ ಚಿರತೆಯು ತಾನಾಗಿ ದೂರ ಹೋಗಿರಬೇಕೆಂಬುದು ಸಾಮಾನ್ಯ ಜನರ ಎಣಿಕೆ. ಈ ಎಣಿಕೆ ತಪ್ಪು. ಹುಲಿಗೆ ವಿಸ್ತಾರವಾದ ಕಾಡು ಬೇಕು, ಚಿರತೆಗೆ ಹಾಗಿಲ್ಲ. ಹಗಲು ಮಲಗುವುದಕ್ಕೆ ಸ್ವಲ್ಪ ಮರೆ, ಕುಡಿಯುವುದಕ್ಕೆ ನೀರು, ರಾತ್ರಿಗೆ ಆಹಾರ, ಇಷ್ಟು ದೊರೆತರೆ ಅದು ಊರಿನ ಪಕ್ಕದಲ್ಲಿಯೇ ಯಾರ ಕಣ್ಣಿಗೂ ಬೀಳದೆ ತಿಂಗಳುಗಟ್ಟಲೆ ಇದ್ದುಬಿಡುತ್ತದೆ.

ಆ ಮರೆಯನ್ನು ಒದಗಿಸಿಕೊಟ್ಟವರು ಮನುಷ್ಯರೇ. ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿಗಳಲ್ಲಿ ನೀರು ನಿಂತು ಸುತ್ತಲೂ ಪೊದೆ ಬೆಳೆದಿದೆ. ನೀಲಗಿರಿ ತೋಪುಗಳ ಅಡಿಯಲ್ಲಿ ಲಂಟಾನ ಹಬ್ಬಿದೆ. ನಿವೇಶನಗಳಾಗಿ ಹಂಚಿ ಮನೆ ಕಟ್ಟದೆ ಬಿಟ್ಟ ಹೊಲಗಳು ಬೀಡಾಗಿ, ಎದೆಯೆತ್ತರದ ಹುಲ್ಲು ನಿಂತಿದೆ. ಎಲೆಕ್ಟ್ರಾನಿಕ್ ಸಿಟಿಯ ಪಶ್ಚಿಮಕ್ಕೆ, ೧೯೭೪ ರಲ್ಲಿ ರಾಷ್ಟ್ರೀಯ ಉದ್ಯಾನವಾದ ಬನ್ನೇರುಘಟ್ಟದ ಕಾಡು ಇದೆ. ಪೀಣ್ಯದಿಂದ ಆಚೆಗೆ ಹೆಸರಘಟ್ಟದ ಹುಲ್ಲುಗಾವಲೂ ಅದರಾಚೆ ನೆಲಮಂಗಲ, ಮಾಗಡಿ ಸೀಮೆಯ ಬೆಟ್ಟಗುಡ್ಡಗಳೂ ಇವೆ. ವೈಟ್‌ಫೀಲ್ಡಿನ ಬಳಿ ಹೇಳಿಕೊಳ್ಳುವಂಥ ಕಾಡಿಲ್ಲ. ಆದರೂ ೨೦೧೬ ನೆಯ ಫೆಬ್ರವರಿ ೭ ರಂದು ಅಲ್ಲಿಗೆ ಸಮೀಪದ ಕುಂದಲಹಳ್ಳಿಯ ಒಂದು ಶಾಲೆಯೊಳಗೆ ಗಂಡು ಚಿರತೆಯೊಂದು ಸೇರಿಕೊಂಡಿತ್ತು. ಆ ದಿನ ಭಾನುವಾರವಾದದ್ದು ಮಕ್ಕಳ ಪುಣ್ಯ. ಅದನ್ನು ಹಿಡಿಯಲು ಇಡೀ ಹಗಲು ಹಿಡಿಯಿತು, ಹಿಡಿಯಲು ಹೋದವರಲ್ಲಿ ಕೆಲವರು ಗಾಯಗೊಂಡರು. ೨೦೨೩ ರ ಅಕ್ಟೋಬರ್ ಕೊನೆಯಲ್ಲಿ ಸಿಂಗಸಂದ್ರ, ಕೂಡ್ಲು ಗೇಟಿನ ಸುತ್ತ ತಿರುಗಾಡಿದ ಮತ್ತೊಂದು ಚಿರತೆಯು ನವೆಂಬರ್ ೧ ರಂದು ಹಿಡಿಯುವ ಪ್ರಯತ್ನದಲ್ಲಿ ಗುಂಡೇಟಿನಿಂದ ಸತ್ತಿತು. ೨೦೨೪ ರ ಸೆಪ್ಟೆಂಬರಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಸುಂಕದಕಟ್ಟೆಯ ಬಳಿಯಲ್ಲಿಯೇ, ಹಗಲಿರುಳೂ ವಾಹನ ನಿಲ್ಲದ ರಸ್ತೆಯಲ್ಲಿ, ಚಿರತೆ ಕಾಣಿಸಿಕೊಂಡಿತು.

ಮರೆ ಮತ್ತು ನೀರಿನ ವಿಷಯ ಹೀಗಾಯಿತು. ಇನ್ನು ಆಹಾರದ ವಿಷಯ. ಊರಂಚಿನ ಚಿರತೆಯು ಏನು ತಿಂದು ಬದುಕುತ್ತದೆಂಬುದನ್ನು ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನಲ್ಲಿ ಅದರ ಮಲವನ್ನು ಸಂಗ್ರಹಿಸಿ ಪರೀಕ್ಷಿಸಿದ್ದಾರೆ. ಅಕೋಲೆಯೂ ಕಾಡಿನ ನಾಡಲ್ಲ, ಬೇಸಾಯದ ನಾಡು. ಅಲ್ಲಿ ಚಿರತೆಯ ಆಹಾರದಲ್ಲಿ ತೂಕದ ಲೆಕ್ಕಕ್ಕೆ ನೂರಕ್ಕೆ ೩೯ ಪಾಲು ನಾಯಿಯ ಮಾಂಸವೇ ಆಗಿತ್ತು. ಬೆಕ್ಕಿನದು ೧೫ ಪಾಲು. ಮೇಕೆಯದು ಕೇವಲ ೧೧ ಪಾಲು. ಗಮನಿಸತಕ್ಕ ಅಂಶವೇನೆಂದರೆ, ಆ ಸೀಮೆಯಲ್ಲಿ ನಾಯಿಗಳಿಗಿಂತ ಮೇಕೆಗಳು ಏಳರಷ್ಟು ಹೆಚ್ಚಾಗಿದ್ದವು. ಮೇಕೆ ಹೆಚ್ಚಿದ್ದರೂ ನಾಯಿಯೇ ಹೆಚ್ಚು ಬಲಿಯಾದದ್ದೇಕೆ? ಮೇಕೆಯನ್ನು ರೈತನು ರಾತ್ರಿ ದೊಡ್ಡಿಯೊಳಗೆ ಕೂಡುತ್ತಾನೆ, ಹಗಲು ಜತೆಯಲ್ಲಿದ್ದು ಕಾಯುತ್ತಾನೆ. ನಾಯಿಯನ್ನು ಹೊರಗೇ ಬಿಡುತ್ತಾನೆ. ಬಾಗಿಲೊಂದರ ಬೆಲೆ ಏನೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಇನ್ನೊಂದು ಕಾರಣವೂ ಉಂಟು. ಚಿರತೆಗೆ ಹೆಚ್ಚು ಒಗ್ಗುವ ಬೇಟೆ ಹತ್ತು ಕಿಲೋಗಳಿಂದ ನಲವತ್ತು ಕಿಲೋಗಳೊಳಗಿನ ಪ್ರಾಣಿ. ನಾಡನಾಯಿಯ ತೂಕ ಈ ಅಳತೆಯೊಳಗೇ ಬೀಳುತ್ತದೆ. ಬಲಿತ ಗಂಡು ಚಿರತೆಯು ಸುಮಾರು ೫೦ ರಿಂದ ೭೦ ಕಿಲೋ ತೂಗುತ್ತದೆಯಾಗಿ, ಅಂಥಾ ನಾಯಿಯನ್ನು ಬಾಯಲ್ಲಿ ಕಚ್ಚಿಕೊಂಡು ಆಳುದ್ದದ ಗೋಡೆಯನ್ನು ಹಾರುವುದು ಅದಕ್ಕೆ ಕಷ್ಟವಲ್ಲ. ಅದು ದೂರದಿಂದ ಅಟ್ಟಿಕೊಂಡು ಬರುವ ಪ್ರಾಣಿಯೂ ಅಲ್ಲ. ಮರೆಯಿಂದ ಮರೆಗೆ ಹೊಟ್ಟೆ ನೆಲಕ್ಕೆ ತಾಗುವಂತೆ ತೆವಳಿ, ಕೆಲವೇ ಮಾರು ದೂರವಿರುವಾಗ ಒಂದೇ ನೆಗೆತಕ್ಕೆ ಗಂಟಲನ್ನು ಹಿಡಿಯುತ್ತದೆ. ಗಂಟಲು ಸಿಕ್ಕಿದ ನಾಯಿ ಕೂಗಲಾರದು. ಆದಕಾರಣವೇ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಎದ್ದಾಗ ತುಂಡಾದ ಸರಪಣಿಯೂ ಎರಡು ಹನಿ ರಕ್ತವೂ ಮಾತ್ರ ಕಾಣುತ್ತವೆ. ರಾತ್ರಿ ಸದ್ದೇ ಆಗಲಿಲ್ಲವೆಂದು ಮನೆಯವರು ಆಶ್ಚರ್ಯಪಡುತ್ತಾರೆ.

ಹೋದದ್ದು ಒಂದು ನಾಯಿ ತಾನೆ, ಇನ್ನೊಂದು ಮರಿ ತಂದರಾಯಿತು ಎನ್ನುವವರುಂಟು. ನಾಯಿಯ ರುಚಿಗೆ ಅಂಗಳದವರೆಗೆ ಬಂದ ಚಿರತೆಯು ಅಂಗಳದ ದಾರಿಯನ್ನು ಕಲಿತಿರುತ್ತದೆ. ಅದೇ ಅಂಗಳದಲ್ಲಿ ಮಕ್ಕಳು ಆಡುತ್ತಾರೆ, ಬೇಸಗೆಯಲ್ಲಿ ಮುದುಕರು ಮಲಗುತ್ತಾರೆ, ನಸುಕಿನಲ್ಲಿ ಹೆಂಗಸರು ಹಾಲು ಕರೆಯುತ್ತಾರೆ. ೨೦೨೦ ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಮೂರು ವರ್ಷದ ಕೂಸೊಂದು ಚಿರತೆಯ ಪಾಲಾಯಿತು. ೨೦೨೨ ರ ಅಕ್ಟೋಬರಿನಿಂದ ೨೦೨೩ ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಸತ್ತರು. ೨೦೨೪ ರ ನವೆಂಬರಿನಲ್ಲಿ ನೆಲಮಂಗಲ ತಾಲ್ಲೂಕಿನಲ್ಲಿ ಹುಲ್ಲು ಕೊಯ್ಯಲು ಹೋದ ಹೆಂಗಸೊಬ್ಬಳು ಬಲಿಯಾದಳು. ಚಿರತೆಯು ಸಾಮಾನ್ಯವಾಗಿ ಮನುಷ್ಯನನ್ನು ಕಂಡರೆ ಹಿಂದೆ ಸರಿಯುವ ಪ್ರಾಣಿಯೇ ಹೌದು, ಇಂಥ ಸಾವುಗಳು ಅಪರೂಪವೂ ಹೌದು. ಆದರೆ ಮನೆಯ ಬಾಗಿಲಿಗೆ ಅದನ್ನು ಬರಮಾಡಿಕೊಳ್ಳುವ ಅಭ್ಯಾಸವನ್ನು ಬಿಡುವುದಕ್ಕೆ ಇನ್ನೂ ಹೆಚ್ಚಿನ ಕಾರಣ ಬೇಕಾಗಿಲ್ಲ.

ನಾಯಿಯ ಗೂಡು

ಸೂರ್ಯಾಸ್ತಕ್ಕೆ ಮುಂಚೆ ನಾಯಿಯನ್ನು ಒಳಗೆ ಕೂಡಿ, ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಗೆ ಬಿಡುವುದೇ ಮುಖ್ಯವಾದ ಉಪಾಯ. ಉಳಿದವೆಲ್ಲವೂ ಇದಕ್ಕೆ ಸಹಾಯಕ ಮಾತ್ರ. ಮನೆಯೊಳಗೆ ಸ್ಥಳವಿದ್ದವರು ನಡುಮನೆಯಲ್ಲಿಯೋ ಬಾಗಿಲಿರುವ ಕೊಟ್ಟಿಗೆಯಲ್ಲಿಯೋ ಮಲಗಿಸಬಹುದು. ಅದು ಒಗ್ಗದವರು ಗೂಡು ಕಟ್ಟತಕ್ಕದ್ದು.

ಬೆಂಗಳೂರಿನ ಸುತ್ತಿನ ರೈತರಿಗೆ ಈ ವಿಷಯದಲ್ಲಿ ಒಂದು ಅನುಕೂಲವುಂಟು. ಬೇರೆ ಸೀಮೆಗಳಲ್ಲಿ ಹುಡುಕಿದರೂ ಸಿಕ್ಕದ ಚಪ್ಪಡಿ ಕಲ್ಲು ಇಲ್ಲಿ ಸುಲಭವಾಗಿ ದೊರೆಯುತ್ತದೆ. ಹೊಲದ ಬೇಲಿಗೆ ನೆಟ್ಟ ಹಳೆಯ ಚಪ್ಪಡಿಗಳು ಎಷ್ಟೋ ಕಡೆ ಬಿದ್ದುಕೊಂಡಿವೆ. ಮೂರು ಕಡೆ ಚಪ್ಪಡಿಗಳನ್ನು ಒಂದೂವರೆ ಅಡಿ ಆಳಕ್ಕೆ ಒತ್ತಾಗಿ ನೆಟ್ಟು, ಸಂದುಗಳಿಗೆ ಗಾರೆ ತುಂಬಿ, ಮೇಲೊಂದು ಚಪ್ಪಡಿಯನ್ನು ಹೊದಿಸಿ, ಅಡಿಯಲ್ಲಿಯೂ ಒಂದನ್ನು ಹಾಸಿದರೆ ಚಿರತೆಯಲ್ಲ, ಕರಡಿ ಬಂದರೂ ಕದಲಿಸಲಾರದಂಥ ಗೂಡಾಗುತ್ತದೆ. ಒಳಗಿನ ಅಳತೆಯು ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ, ಮೂರೂವರೆ ಅಡಿ ಎತ್ತರವಿದ್ದರೆ ಒಂದು ನಾಯಿಗೆ ಧಾರಾಳ. ಎರಡು ನಾಯಿಗಳಿದ್ದರೆ ಅಗಲವನ್ನು ಹೆಚ್ಚಿಸಬೇಕು. ನೆಲವು ಹೊರಕ್ಕೆ ಸ್ವಲ್ಪ ಇಳಿಜಾರಾಗಿರಲಿ. ತೊಳೆದ ನೀರು ನಿಂತರೆ ಉಣ್ಣೆಯೂ ಚಿಗಟವೂ ಹೆಚ್ಚುತ್ತವೆ. ಕಲ್ಲು ಚಳಿಗಾಲದಲ್ಲಿ ತಣ್ಣಗಿರುವುದರಿಂದ ರಾಗಿ ಹುಲ್ಲನ್ನೋ ಗೋಣಿತಾಟನ್ನೋ ಹಾಸಿ, ವಾರಕ್ಕೊಮ್ಮೆ ಬಿಸಿಲಿಗೆ ಹಾಕಬೇಕು.

ಬಹಳ ಮಂದಿ ಎಡವುವುದು ಬಾಗಿಲಿನ ವಿಷಯದಲ್ಲಿ. ಸಣ್ಣ ತಂತಿಯ ಕೋಳಿಬಲೆಯನ್ನು ಮರದ ಚೌಕಟ್ಟಿಗೆ ಮೊಳೆ ಹೊಡೆದು ಬಾಗಿಲೆಂದು ನಿಲ್ಲಿಸುತ್ತಾರೆ. ಚಿರತೆಯು ಅದನ್ನು ಪಂಜದಿಂದ ಒಮ್ಮೆ ಎಳೆದರೆ ಮುಗಿಯಿತು. ಬಾಗಿಲಿಗೆ ಕಬ್ಬಿಣದ ಸರಳುಗಳನ್ನು ಹಾಕಿಸಿ, ಸರಳುಗಳ ಮೇಲೆ ಬೆಸೆದ ದಪ್ಪ ತಂತಿಯ ಜಾಲರಿಯನ್ನು ಕೂರಿಸಬೇಕು. ಸರಳು ಮಾತ್ರ ಇದ್ದರೆ ಸಾಲದೇಕೆಂದರೆ, ಸರಳುಗಳ ನಡುವೆ ಪಂಜವನ್ನು ತೂರಿಸಿ ನಾಯಿಯನ್ನು ಹತ್ತಿರಕ್ಕೆ ಎಳೆದುಕೊಳ್ಳಲು ಚಿರತೆಗೆ ಬರುತ್ತದೆ. ಜಾಲರಿಯ ಕಣ್ಣು ಒಂದು ಅಂಗುಲವಿದ್ದರೆ ಗಾಳಿಯೂ ಆಡುತ್ತದೆ, ಪಂಜವೂ ತೂರುವುದಿಲ್ಲ. ಬಾಗಿಲು ಹೊರಕ್ಕೆ ತೆರೆಯುವಂತಿದ್ದು, ಚೌಕಟ್ಟಿನ ಕಲ್ಲಿನ ಮೇಲೆ ಪೂರ್ತಿಯಾಗಿ ಕೂರಬೇಕು. ಕೆಳಗಡೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಕೂಡದು. ಚಿಲಕವು ತಿರುಗಿಸಿ ಹಾಕುವಂಥದ್ದಾಗಿರಲಿ. ಹಗ್ಗ ಕಟ್ಟಿದ ಬಾಗಿಲನ್ನು ಬಾಗಿಲೆಂದು ಎಣಿಸತಕ್ಕದ್ದಲ್ಲ.

ಚಪ್ಪಡಿ ಸಿಕ್ಕದವರು ಸಿಮೆಂಟ್ ಇಟ್ಟಿಗೆಯಿಂದ ಕಟ್ಟಬಹುದು. ಆದರೆ ಗೋಡೆ ಎಷ್ಟು ಭದ್ರವಾಗಿದ್ದರೂ ಮೇಲೆ ತೆಂಗಿನ ಗರಿ, ಹಂಚು, ಬರಿಯ ತಗಡು ಹೊದಿಸಿದರೆ ಪ್ರಯೋಜನವಿಲ್ಲ. ಚಿರತೆಯು ಮೇಲಿನಿಂದ ಬರುವುದನ್ನೇ ಇಷ್ಟಪಡುತ್ತದೆ. ಮಾಡಿನ ಕೆಳಗೆ ಅದೇ ಸರಳು, ಅದೇ ಜಾಲರಿಯನ್ನು ಹಾಕಿದ ಮೇಲೆಯೇ ಹಂಚು ಹೊದಿಸಬೇಕು. ಕುರಿ ಮೇಕೆಗಳ ದೊಡ್ಡಿಗೂ ಇದೇ ನಿಯಮ ಅನ್ವಯಿಸುತ್ತದೆ. ಗೋಡೆಯನ್ನು ಆಳೆತ್ತರ ಕಟ್ಟಿ ಮೇಲೆ ಬಯಲು ಬಿಟ್ಟ ದೊಡ್ಡಿಯೊಳಕ್ಕೆ ಚಿರತೆ ಇಳಿದರೆ, ಹೊರಗೆ ಓಡಲು ದಾರಿಯಿಲ್ಲದ ಕುರಿಗಳಲ್ಲಿ ಒಂದಕ್ಕೆ ಬದಲು ಹತ್ತು ಸಾಯುತ್ತವೆ.

ನಾಯಿಯನ್ನು ಕೂಡಿಬಿಟ್ಟರೆ ಮನೆ ಕಾಯುವವರಾರು ಎಂಬ ಪ್ರಶ್ನೆ ರೈತರಿಂದ ಬರುವುದು ಸಹಜ. ಇದಕ್ಕೆ ಉತ್ತರವನ್ನು ನಾಯಿಯ ಸ್ವಭಾವವೇ ಹೇಳುತ್ತದೆ. ನಾಯಿಯು ಕಳ್ಳನನ್ನು ಕಚ್ಚಿ ಹಿಡಿದು ನಿಲ್ಲಿಸುವುದು ಕಥೆಗಳಲ್ಲಿ. ಅದರ ನಿಜವಾದ ಕೆಲಸವಿರುವುದು ಕಿವಿಯಲ್ಲಿ, ಮೂಗಿನಲ್ಲಿ, ಗಂಟಲಿನಲ್ಲಿ. ಈ ಮೂರೂ ಜಾಲರಿಯ ಹಿಂದೆ ಇದ್ದುಕೊಂಡೇ ಕೆಲಸ ಮಾಡುತ್ತವೆ. ಗೂಡನ್ನು ಮನೆಯ ಹಿಂದಿನ ಮೂಲೆಯಲ್ಲಿ ಅಡಗಿಸದೆ, ಕೊಟ್ಟಿಗೆಯೂ ದಾರಿಯೂ ಕಾಣುವಂತೆ, ಮನೆಯವರು ಮಲಗುವ ಕೋಣೆಗೆ ಕೂಗು ಕೇಳುವಂತೆ ಇಟ್ಟುಕೊಂಡರೆ ಕಾವಲಿಗೆ ಏನೂ ಕಡಿಮೆಯಾಗುವುದಿಲ್ಲ. ಹಾಗೆ ನೋಡಿದರೆ ಬಯಲಿನಲ್ಲಿ ಕಟ್ಟಿದ ನಾಯಿಯು ಚಿರತೆಯ ವಾಸನೆ ಬಂದ ಕೂಡಲೇ ಬಾಲವನ್ನು ಮುದುರಿ ಸುಮ್ಮನಾಗಿಬಿಡುವುದುಂಟು. ಸುತ್ತಲೂ ಕಲ್ಲಿರುವ ನಾಯಿಗೆ ಕೂಗುವ ಧೈರ್ಯವಿರುತ್ತದೆ. ರಾತ್ರಿ ಬೊಗಳುತ್ತಿದ್ದ ನಾಯಿ ಥಟ್ಟನೆ ಮೌನವಾದರೆ ಮನೆಯವರು ಬಾಗಿಲು ತೆರೆದು ಹೊರಗೆ ಬರಕೂಡದು. ಮೊದಲು ಕಿಟಕಿಯಿಂದ ದೀಪ ಬಿಟ್ಟು ನೋಡತಕ್ಕದ್ದು.

ಯಾವ ಕಾರಣದಿಂದಲಾದರೂ ಒಂದೆರಡು ರಾತ್ರಿ ನಾಯಿಯನ್ನು ಹೊರಗೆ ಇರಿಸಲೇಬೇಕಾದರೆ ಸರಪಣಿ ಹಾಕದಿರುವುದೇ ಮೇಲು. ಬಿಟ್ಟ ನಾಯಿಗೆ ಓಡುವ ಅವಕಾಶವಾದರೂ ಇರುತ್ತದೆ. ಕಟ್ಟಿದ ನಾಯಿಗೆ ಅದೂ ಇಲ್ಲ. ಮರಿ ಹಾಕಿದ ಹೆಣ್ಣುನಾಯಿಯನ್ನು ಮಾತ್ರ ಒಂದು ರಾತ್ರಿಯೂ ಹೊರಗೆ ಬಿಡಬಾರದು. ಅದು ಬೇಲಿಯ ಬುಡದಲ್ಲಿಯೋ ಹುಲ್ಲಿನ ಮೆದೆಯ ಕೆಳಗೋ ಮರಿ ಹಾಕಿದ್ದರೆ ಮರಿಗಳ ಸಮೇತ ಗೂಡಿಗೆ ತರತಕ್ಕದ್ದು. ಮರಿಗಳನ್ನು ಬಿಟ್ಟು ಅದು ಓಡುವುದಿಲ್ಲ.

ಕೊರಳಪಟ್ಟಿ, ದೀಪ, ಪಟಾಕಿ

ಹಿಮಾಲಯದ ಕುರುಬರು ತಮ್ಮ ನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳುಗಳಿರುವ ಅಗಲವಾದ ಪಟ್ಟಿಯನ್ನು ಹಾಕುತ್ತಾರೆ. ಚಿರತೆ ಮೊದಲು ಹಿಡಿಯುವುದು ಗಂಟಲನ್ನಾದುದರಿಂದ ಆ ಮುಳ್ಳು ಅದರ ಬಾಯಿಗೆ ಚುಚ್ಚಿ ಹಿಡಿತ ಸಡಿಲುತ್ತದೆ. ಕುರಿಮಂದೆಯ ಸಂಗಡ ಹೊಲದಲ್ಲಿ ರಾತ್ರಿ ತಂಗುವ ಇಲ್ಲಿನ ಕುರುಬರಿಗೂ ಇದು ಉಪಯೋಗಕ್ಕೆ ಬರಬಹುದು. ದಪ್ಪ ಚರ್ಮಕ್ಕೆ ಒಂದು ಅಂಗುಲದ ಮುಳ್ಳುಗಳನ್ನು ಹೊರಮುಖವಾಗಿ ಕೂರಿಸಿ, ಒಳಗಡೆ ಮೆತ್ತನೆಯ ಬಟ್ಟೆ ಹೊಲಿಸಿದರೆ ಸಾಕು. ಹಗಲು ತೆಗೆದಿಡಬೇಕು, ಇಲ್ಲವಾದರೆ ಕೊರಳು ಹುಣ್ಣಾಗುತ್ತದೆ. ಗೂಡು ಕಟ್ಟಲು ಅನುಕೂಲವಿರುವ ಮನೆಯವರು ಪಟ್ಟಿಯನ್ನು ನಂಬಿ ಗೂಡನ್ನು ಕೈಬಿಡತಕ್ಕದ್ದಲ್ಲ.

ದೀಪದಿಂದ ಚಿರತೆ ಹೆದರುತ್ತದೆಂಬ ನಂಬಿಕೆ ಈ ಸೀಮೆಯಲ್ಲಿ ನಿಲ್ಲುವುದಿಲ್ಲ. ಕಾರ್ಖಾನೆಗಳ ದೀಪದ ಬೆಳಕಿನಲ್ಲಿಯೇ ಹುಟ್ಟಿ ಬೆಳೆದ ಚಿರತೆಗೆ ಅಂಗಳದ ಬಲ್ಬು ಏನು ಮಹಾ! ದೀಪದಿಂದ ಪ್ರಯೋಜನವಾಗುವುದು ಮನುಷ್ಯನಿಗೆ. ಹೊರಗೆ ಕಾಲಿಡುವ ಮೊದಲು ಏನಿದೆಯೆಂದು ಕಾಣುತ್ತದೆ. ಪಟಾಕಿಯಿಂದ ಎರಡು ಮೂರು ರಾತ್ರಿ ಚಿರತೆ ದೂರವಿದ್ದೀತು, ಅನಂತರ ಅದಕ್ಕೂ ಒಗ್ಗಿಹೋಗುತ್ತದೆ. ಅಷ್ಟರೊಳಗೆ ಪಟಾಕಿಗೆ ಬೆದರಿದ ಮನೆಯ ನಾಯಿಯೇ ಕತ್ತಲೆಗೆ ಓಡಿ ಪೊದೆ ಸೇರಿರುತ್ತದೆ.

ಬೀದಿಯ ನಾಯಿಗಳೂ ಊರಿನ ಕಸವೂ

ಒಂದು ಮನೆಯವರು ಗೂಡು ಕಟ್ಟಿ ನಾಯಿಯನ್ನು ಕೂಡಿದರೂ ಊರ ಮುಂದಿನ ತಿಪ್ಪೆಯಲ್ಲಿ ಇಪ್ಪತ್ತು ನಾಯಿಗಳು ಮಲಗಿದ್ದರೆ ಚಿರತೆಯ ಬರವು ನಿಲ್ಲುವುದಿಲ್ಲ. ಇದು ಮುಖ್ಯವಾಗಿ ಗ್ರಾಮದ ಮುಖಂಡರೂ ಪಂಚಾಯಿತಿಯವರೂ ಯೋಚಿಸತಕ್ಕ ವಿಷಯ.

ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಹಳ್ಳಿಯಲ್ಲಿ ಬಿಡಾಡಿ ನಾಯಿಗೆ ಸಿಕ್ಕುತ್ತಿದ್ದುದು ಮನೆಯವರು ಹಾಕಿದ ಮುದ್ದೆಯ ಚೂರು. ಈಗ ಕಾರ್ಖಾನೆ ಕೆಲಸಗಾರರ ವಠಾರಗಳೂ ಊಟದ ಹೋಟೆಲುಗಳೂ ಕೋಳಿ ಮಾಂಸದ ಅಂಗಡಿಗಳೂ ಹೆಚ್ಚಿವೆ. ಅಂಗಡಿಯವರು ಕೋಳಿಯ ಕರುಳು, ಪುಕ್ಕ, ಕಾಲುಗಳನ್ನು ಮೂಟೆ ಕಟ್ಟಿ ರಾತ್ರಿಯ ಹೊತ್ತು ಕೆರೆಯ ಏರಿಯ ಮೇಲೋ ಹಾಳು ಕ್ವಾರಿಯಲ್ಲಿಯೋ ಸುರಿದು ಹೋಗುತ್ತಾರೆ. ಅಲ್ಲಿಗೆ ನಾಯಿಗಳು ಸೇರುತ್ತವೆ, ನಾಯಿಗಳನ್ನು ಹುಡುಕಿಕೊಂಡು ಚಿರತೆ ಬರುತ್ತದೆ. ಚಿರತೆಗೆ ಬೋನು ಇಡಬೇಕೆಂದು ಅರ್ಜಿ ಬರೆಯುವ ಊರಿನವರು ಮೊದಲು ಏರಿಯ ಮೇಲೆ ಹೋಗಿ ಮೂಟೆಗಳನ್ನು ಎಣಿಸಿ ಬರುವುದು ಒಳ್ಳೆಯದು. ಮಾಂಸದ ಕಸವನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವಂತೆಯೋ, ಮುಚ್ಚಿದ ಗಾಡಿಯಲ್ಲಿ ಸಾಗಿಸುವಂತೆಯೋ ಅಂಗಡಿಯವರಿಗೆ ಕಟ್ಟುಮಾಡಿ, ಮೀರಿದವರಿಗೆ ಜುಲ್ಮಾನೆ ಹಾಕುವುದು ಪಂಚಾಯಿತಿಯ ಕೈಯಲ್ಲಿಯೇ ಇದೆ. ಸತ್ತ ದನವನ್ನು ಬಯಲಿಗೆ ಎಳೆದುಹಾಕುವ ಪದ್ಧತಿಯನ್ನೂ ಬಿಡಬೇಕು.

ಬೀದಿ ನಾಯಿಗಳಿಗೆ ವಿಷವಿಡುವುದೂ ಅವನ್ನು ಹಿಡಿದು ಪಕ್ಕದ ಊರಿಗೆ ಬಿಡುವುದೂ ಕಾನೂನಿಗೆ ವಿರುದ್ಧ. ಪಕ್ಕದ ಊರಿನವರೂ ಅದೇ ಉಪಾಯ ಬಲ್ಲವರಾದುದರಿಂದ ನಿಷ್ಪ್ರಯೋಜಕ ಕೂಡ. ೨೦೨೩ ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆಯನ್ನೂ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಮಾಡಿಸುವ ಹೊಣೆ ಸ್ಥಳೀಯ ಸಂಸ್ಥೆಗಳದು. ಸಾಕಿದ ನಾಯಿಗೂ ಈ ಚಿಕಿತ್ಸೆ ಮಾಡಿಸಿದರೆ ರಾತ್ರಿ ಸಂಗಾತಿಗಾಗಿ ಊರ ಹೊರಗೆ ಅಲೆಯುವುದು ತಪ್ಪುತ್ತದೆ. ಹೀಗೆ ಅಲೆಯುವ ನಾಯಿಗಳೂ ಚಿರತೆಗೆ ಸಿಕ್ಕುತ್ತವೆ.

ಮನೆಯ ಸುತ್ತ ಮೂವತ್ತು ಮಾರಿನೊಳಗೆ ಲಂಟಾನವನ್ನೂ ಎತ್ತರದ ಹುಲ್ಲನ್ನೂ ಸವರಿಹಾಕಿದರೆ ಚಿರತೆ ತೆವಳಿ ಬರುವುದಕ್ಕೆ ಮರೆಯಿಲ್ಲದಂತಾಗುತ್ತದೆ. ರಾಗಿಯೂ ತೊಗರಿಯೂ ಎತ್ತರವಾಗಿ ನಿಂತಿರುವ ಕಾಲದಲ್ಲಿ ಹೊಲವೇ ಮರೆಯಾಗುವುದರಿಂದ, ಕೊಯ್ಲು ಮುಗಿಯುವವರೆಗೆ ನಾಯಿಯನ್ನು ಇನ್ನೂ ಸ್ವಲ್ಪ ಹೊತ್ತಿಗೆ ಮುಂಚೆಯೇ ಕೂಡತಕ್ಕದ್ದು.

ಚಿರತೆ ಬಂದುದು ತಿಳಿದಾಗ

ಮೊದಲು ಬಂದದ್ದು ಚಿರತೆಯೇ ಹೌದೆ ಎಂದು ನಿಶ್ಚಯಿಸಬೇಕು. ಮೊಬೈಲ್ ಫೋನುಗಳಲ್ಲಿ ಬೇರೆಲ್ಲಿಯದೋ ಚಿತ್ರವನ್ನು ನಮ್ಮೂರಿನದೆಂದು ಹಂಚುವವರು ಪ್ರತಿ ಗ್ರಾಮದಲ್ಲಿಯೂ ಇದ್ದಾರೆ. ನಂಬತಕ್ಕದ್ದು ನೆಲದ ಮೇಲಿನ ಹೆಜ್ಜೆಯನ್ನು. ನಾಯಿಯ ಹೆಜ್ಜೆಯು ಉದ್ದಕ್ಕಿದ್ದು, ಬೆರಳುಗಳ ಮುಂದೆ ಉಗುರಿನ ಗುರುತು ಕಾಣುತ್ತದೆ. ಚಿರತೆಯ ಹೆಜ್ಜೆ ದುಂಡಗಿರುತ್ತದೆ; ಅದು ಉಗುರನ್ನು ಒಳಕ್ಕೆ ಎಳೆದುಕೊಂಡು ನಡೆಯುವುದರಿಂದ ಉಗುರಿನ ಗುರುತಿರುವುದಿಲ್ಲ; ಬಲಿತ ಚಿರತೆಯ ಹೆಜ್ಜೆಯ ಅಗಲ ಸುಮಾರು ಮೂರು ಅಂಗುಲ. ಕತ್ತೆಕಿರುಬದ ಹೆಜ್ಜೆಯಲ್ಲಿಯೂ ನಾಯಿಯಂತೆಯೇ ಉಗುರು ಕಾಣುವುದು. ಸ್ಪಷ್ಟವಾದ ಹೆಜ್ಜೆ ಸಿಕ್ಕಿದರೆ ಅದರ ಮೇಲೆ ಬೋಗುಣಿಯನ್ನೋ ಮಂಕರಿಯನ್ನೋ ಬೋರಲು ಹಾಕಿ, ಅರಣ್ಯ ಇಲಾಖೆಯ ಸಹಾಯವಾಣಿ ೧೯೨೬ ಕ್ಕೆ ತಿಳಿಸಬೇಕು. ದನ, ಕುರಿ, ಮೇಕೆ ಸತ್ತಿದ್ದರೆ ಸಿಬ್ಬಂದಿಯವರು ಬಂದು ಮಹಜರು ಮಾಡುವವರೆಗೆ ಹೆಣವನ್ನು ಕದಲಿಸತಕ್ಕದ್ದಲ್ಲ; ಪರಿಹಾರಕ್ಕೆ ಅದೇ ಆಧಾರ.

ಹಗಲಿನಲ್ಲಿ ಚಿರತೆಯು ಕಟ್ಟಡದೊಳಗೋ ತೋಪಿನೊಳಗೋ ಸಿಕ್ಕಿಕೊಂಡಿದ್ದರೆ ಮುಖಂಡರ ಮೊದಲ ಕೆಲಸವು ಚಿರತೆಯನ್ನು ಹಿಡಿಯುವುದಲ್ಲ, ಜನರನ್ನು ತಡೆಯುವುದು. ಸುತ್ತುವರಿದು ಕೂಗಿದಷ್ಟೂ ಅದು ಓಡಲು ದಾರಿಯಿಲ್ಲದೆ ಎದುರಿಗೆ ಬಂದವರ ಮೇಲೆ ಎರಗುತ್ತದೆ. ಮಕ್ಕಳನ್ನೂ ನಾಯಿಗಳನ್ನೂ ಒಳಗೆ ಸೇರಿಸಿ, ಒಂದು ಕಡೆಯ ದಾರಿಯನ್ನು ತೆರವು ಮಾಡಿ ಬಿಟ್ಟರೆ ಕತ್ತಲಾಗುತ್ತಲೇ ಅದು ಬಂದ ಹಾಗೆಯೇ ಹೋಗುವುದು ಹೆಚ್ಚು.

ಬೋನಿನ ವಿಷಯದಲ್ಲಿಯೂ ಒಂದು ಮಾತು. ನಾಯಿ ಹೋದ ಮರುದಿನವೇ ಬೋನು ಬೇಕೆಂದು ಒತ್ತಾಯ ಮಾಡುವುದು ಎಲ್ಲ ಊರುಗಳಲ್ಲಿಯೂ ನಡೆದುಬಂದಿದೆ. ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿ ೨೦೦೧ ರಿಂದ ಕೆಲವು ವರ್ಷಗಳ ಕಾಲ ಬಹಳ ಚಿರತೆಗಳನ್ನು ಹಿಡಿದು ಬೇರೆ ಕಾಡುಗಳಿಗೆ ಬಿಟ್ಟರು. ಅನಂತರ ಮನುಷ್ಯರ ಮೇಲಿನ ಆಕ್ರಮಣಗಳು ಕಡಿಮೆಯಾಗುವ ಬದಲು ಹೆಚ್ಚಿದವು. ಹಿಡಿದ ಚಿರತೆಯು ಗುರುತಿಲ್ಲದ ನೆಲದಲ್ಲಿ ದಿಕ್ಕುಗೆಟ್ಟು ಅಲೆಯುತ್ತದೆ. ಅದು ಬಿಟ್ಟುಹೋದ ಜಾಗಕ್ಕೆ ಇನ್ನೊಂದು ಬರುತ್ತದೆ. ಮನುಷ್ಯರ ಮೇಲೆ ಬಿದ್ದ ಚಿರತೆಯ ಮಾತು ಬೇರೆ, ಅದನ್ನು ಹಿಡಿಯಲೇಬೇಕು. ನಾಯಿಗಾಗ��� ಬರುವ ಚಿರತೆಗೆ ನಾಯಿ ಸಿಕ್ಕದಂತೆ ಮಾಡುವುದೇ ಮದ್ದು.

ಸಂಸ್ಥಾನದ ಕಾಲದಲ್ಲಿ ಚಿರತೆಯನ್ನು ಕೊಂದವರಿಗೆ ಸರ್ಕಾರದಿಂದ ಇನಾಮು ಸಲ್ಲುತ್ತಿತ್ತು. ಅದನ್ನು ಕೇಳಿ ಬೆಳೆದ ಹಿರಿಯರು ಇಂದಿಗೂ ಕೆಲವರಿದ್ದಾರೆ. ಈಗ ಅದೇ ಕೆಲಸಕ್ಕೆ ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಏಳು ವರ್ಷದವರೆಗೆ ಸೆರೆವಾಸ ಮತ್ತು ಜುಲ್ಮಾನೆ. ಹಂದಿಗೆಂದು ಬೇಲಿಯ ಸಂದಿನಲ್ಲಿ ಉರುಳು ಕಟ್ಟಿದ್ದಕ್ಕೆ ಚಿರತೆ ಬಿದ್ದು ಸತ್ತರೂ ಉರುಳು ಕಟ್ಟಿದವನು ತಪ್ಪಿಸಿಕೊಳ್ಳಲಾರನು. ಆ ಉರುಳಿಗೆ ಊರಿನ ನಾಯಿಗಳೂ ಬೀಳುತ್ತವೆ. ಚಿರತೆ ಅರ್ಧ ತಿಂದ ನಾಯಿಯ ಮೇಲೆ ಕೀಟನಾಶಕವನ್ನು ಸುರಿಯುವವರು, ಅದನ್ನು ಮೊದಲು ಮುಟ್ಟುವುದು ಪಕ್ಕದ ಮನೆಯ ನಾಯಿಯೋ ಕಾಗೆಯೋ ಎಂಬುದನ್ನು ಯೋಚಿಸುವುದಿಲ್ಲ.

ಗಾಯಗೊಂಡ ನಾಯಿ

ಚಿರತೆಯ ಬಾಯಿಂದ ತಪ್ಪಿಸಿಕೊಂಡು ಬಂದ ನಾಯಿಯು ಮೇಲುನೋಟಕ್ಕೆ ಚೆನ್ನಾಗಿಯೇ ಕಾಣುವುದುಂಟು. ಕೊರಳಿನಲ್ಲಿ ನಾಲ್ಕು ಸಣ್ಣ ತೂತುಗಳು, ಸ್ವಲ್ಪ ರಕ್ತ, ಅಷ್ಟೇ. ಇದನ್ನು ಕಂಡು ಅರಿಸಿನ ಮೆತ್ತಿ ಸುಮ್ಮನಾಗಬಾರದು. ಕೋರೆಹಲ್ಲಿನ ಗಾಯವು ಬಾಯಿ ಸಣ್ಣದಾಗಿಯೂ ಒಳಗೆ ಆಳವಾಗಿಯೂ ಇರುವುದರಿಂದ ಮೇಲೆ ಮುಚ್ಚಿಕೊಂಡು ಒಳಗೆ ಕೀವುಗಟ್ಟುತ್ತದೆ. ಮೂರು ನಾಲ್ಕು ದಿನಗಳಲ್ಲಿ ಕೊರಳು ಊದಿ ನಾಯಿ ಮೇವು ಬಿಡುತ್ತದೆ. ಮೊದಲು ನಾಯಿಯ ಬಾಯನ್ನು ಬಟ್ಟೆಯ ಪಟ್ಟಿಯಿಂದ ಮೆಲ್ಲಗೆ ಕಟ್ಟಬೇಕು, ಏಕೆಂದರೆ ನೋವಿನಲ್ಲಿರುವ ನಾಯಿ ಯಜಮಾನನನ್ನೂ ಕಚ್ಚುತ್ತದೆ. ಉಸಿರಾಟ ಕಷ್ಟವಾಗಿದ್ದರೆ ಮಾತ್ರ ಕಟ್ಟಕೂಡದು. ಅನಂತರ ಹರಿಯುವ ನೀರಿನಿಂದಲೂ ಸಾಬೂನಿನಿಂದಲೂ ಗಾಯವನ್ನು ಕಾಲು ಗಂಟೆ ತೊಳೆದು, ಹೊಲಿಗೆ ಹಾಕಿಸಲು ಅವಸರಪಡದೆ, ಅದೇ ದಿನ ಪಶುವೈದ್ಯ ಶಾಲೆಗೆ ಕರೆದೊಯ್ಯಬೇಕು. ಹುಚ್ಚುನಾಯಿ ರೋಗದ ಲಸಿಕೆ ಹಿಂದೆ ಹಾಕಿಸಿದ್ದರೂ ಆ ವಿಷಯವನ್ನು ವೈದ್ಯರಿಗೆ ಹೇಳಿ, ಮತ್ತೆ ಹಾಕಿಸಬೇಕೆ ಎಂದು ಕೇಳತಕ್ಕದ್ದು. ಗಾಯವನ್ನು ತೊಳೆದವರ ಕೈಯಲ್ಲಿ ಬಿರುಕೋ ಗೀರೋ ಇದ್ದರೆ ಅವರೂ ಸಾಬೂನಿನಿಂದ ತೊಳೆದುಕೊಂಡು ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಬೇಕು.

ಒಮ್ಮೆ ಚಿರತೆಗೆ ಸಿಕ್ಕಿ ಬದುಕಿದ ನಾಯಿಯು ಸಂಜೆಯಾಗುತ್ತಲೇ ತಾನಾಗಿ ಗೂಡಿನ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಹೊಸ ನಾಯಿಯನ್ನು ಮಾತ್ರ ಮೊದಲ ಒಂದೆರಡು ವಾರ ಒಳಗೇ ಮುದ್ದೆ ಹಾಕಿ ಅಭ್ಯಾಸ ಮಾಡಿಸಬೇಕಾಗುತ್ತದೆ.